ಬುತ್ತಿಯ ಗಂಟು, ಶಾಲೆಯ ಗಂಟೆ

(ಧಾರವಾಡದ ಒಂದು ಹಳೆಯ ಗಂಡುಮಕ್ಕಳ ಪ್ರೌಢಶಾಲೆಯಲ್ಲಿ ಸೇರಿದ್ದ ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ಆಡಿದ ಮಾತುಗಳು ಇವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಅಂದು ಬಾಯಿಗೆ ಬಂದ ಒಂದೆರಡು ಹೆಸರುಗಳನ್ನು ಇಲ್ಲಿ ಕೈಬಿಟ್ಟಿದ್ದೇನೆ, ಶಾಲೆಯ ಹೆಸರನ್ನೂ ಸೇರಿಸಿ. ಯಾಕೆ ಎಂಬುದು ಮುಂದೆ ಓದಿದರೆ ತಿಳಿಯುತ್ತದೆ.)

ವೇದಿಕೆಯ ಮೇಲಿನ ಹಿರಿಯರಿಗೆ, ಎದುರಿಗೆ ಕುಳಿತ ಗೆಳೆಯರಿಗೆ, ಹಿಂದಿನ ಸಾಲಿನಲ್ಲಿ ಕದ್ದು ಮೊಬೈಲ್ ನೋಡುತ್ತಿರುವ ಒಂಬತ್ತನೇ ತರಗತಿಯ ಹುಡುಗರಿಗೆ ನಮಸ್ಕಾರ.

‘ನಮ್ಮ ಶಾಲೆಯ ಪರಂಪರೆ’ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಪತ್ರ ಬಂದಾಗ ನಾನು ಮೊದಲು ಮಾಡಿದ ಕೆಲಸ ಎಂದರೆ ಇಲ್ಲಿಗೆ ಬಂದು ಮುಖ್ಯಾಧ್ಯಾಪಕರ ಕೋಣೆಯ ಹೊರಗಿನ ಆ ಉದ್ದನೆಯ ಕಟ್ಟಿಗೆಯ ಹಲಗೆಯನ್ನು ಓದಿದ್ದು. ಬಂಗಾರದ ಬಣ್ಣದ ಅಕ್ಷರಗಳಲ್ಲಿ ವರ್ಷವಾರು ಮೊದಲ ಸ್ಥಾನ ಪಡೆದವರ ಹೆಸರುಗಳಿವೆ. ಅದರಲ್ಲಿ ನನ್ನ ಹೆಸರಿಲ್ಲ, ಹೀಗಾಗಿ ಆ ಹಲಗೆಯ ಬಗ್ಗೆ ನಾನು ಮಾತನಾಡುವುದಿಲ್ಲ. ಡಾಕ್ಟರಾದವರು, ಕಲೆಕ್ಟರಾದವರು ಯಾರು ಯಾರು ಎಂಬುದನ್ನು ನನಗಿಂತ ಮೊದಲು ಮಾತನಾಡಿದವರು ಚೆನ್ನಾಗಿಯೇ ಹೇಳಿದ್ದಾರೆ. ನಾನು ಊಟದ ಬಗ್ಗೆ ಮಾತನಾಡುತ್ತೇನೆ. ಊಟಕ್ಕೆ ಇನ್ನೂ ಒಂದು ತಾಸು ಇರುವಾಗ ಊಟದ ಮಾತು ಆಡುವುದು ಅನ್ಯಾಯವೇ ಸರಿ, ಆದರೂ ಕೇಳಿ.

ನನ್ನ ವಾದ ಇಷ್ಟೇ. ಧಾರವಾಡದಲ್ಲಿ ಹುಡುಗರ ಶಾಲೆಗಳು ಹುಟ್ಟಿದ್ದು ಮಾಸ್ತರರಿಂದ, ಉಳಿದದ್ದು ಅಡುಗೆಮನೆಗಳಿಂದ. ಹಳ್ಳಿಯ ಹುಡುಗನಿಗೆ ಈ ಊರಿನಲ್ಲಿ ಎರಡು ಹೊತ್ತು ಯಾರು ಅನ್ನ ಹಾಕುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆಯೇ ಅವನ ಹೆಸರು ಹಾಜರಿ ಪುಸ್ತಕ ಸೇರುತ್ತಿತ್ತು. ಶಾಲೆಯ ಚರಿತ್ರೆ ಬರೆಯುವವರು ಕಟ್ಟಡದ ಕಲ್ಲು ಇಟ್ಟವರ ಹೆಸರು ಬರೆಯುತ್ತಾರೆ, ಕೊಳ್ಳಿ ಊದಿದವರ ಹೆಸರು ಬರೆಯುವುದಿಲ್ಲ.

ಹಿಂದಿನ ಸಾಲಿನ ಹುಡುಗರಿಗಾಗಿ ಸ್ವಲ್ಪ ಹಳೆಯ ಕಥೆ ಹೇಳಬೇಕು. ಗದಗ, ಹಾವೇರಿ ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೂ ಮೊದಲು ರೋಣದ ಹುಡುಗನಿಗೂ ಹಾನಗಲ್ಲಿನ ಹುಡುಗನಿಗೂ ಜಿಲ್ಲೆ ಎಂದರೆ ಧಾರವಾಡವೇ. 1956ರವರೆಗೆ ಈ ಸೀಮೆ ಮುಂಬಯಿಗೆ ಸೇರಿತ್ತು. ಅದರ ಗುರುತು ನಮ್ಮ ಮಾತಿನಲ್ಲಿ ಇನ್ನೂ ಇದೆ: ತರಗತಿಗೆ ನಾವು ಇಯತ್ತೆ ಎನ್ನುತ್ತಿದ್ದೆವು, ವಾರ್ಷಿಕೋತ್ಸವಕ್ಕೆ ಗ್ಯಾದರಿಂಗ್ ಎನ್ನುತ್ತಿದ್ದೆವು, ನನ್ನ ಅಜ್ಜ ತಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದದ್ದನ್ನು ಸಾಯುವವರೆಗೂ ಹೇಳುತ್ತಿದ್ದ. ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಅವರ ಶಾಲೆಯಲ್ಲಿ ಮುಂದೆ ಗಿರೀಶ ಕಾರ್ನಾಡರೂ ಓದಿದರು. ಬೇಂದ್ರೆಯವರು ಮಾಸ್ತರರಾಗಿದ್ದ ವಿಕ್ಟೋರಿಯಾ ಹೈಸ್ಕೂಲು ಇವತ್ತಿನ ವಿದ್ಯಾರಣ್ಯ. ಹುಬ್ಬಳ್ಳಿಗೆ ಲ್ಯಾಮಿಂಗ್ಟನ್ ಹೈಸ್ಕೂಲು ಇತ್ತು. 1917ರಲ್ಲಿ ಕರ್ನಾಟಕ ಕಾಲೇಜು ಶುರುವಾಗುವವರೆಗೆ ಮ್ಯಾಟ್ರಿಕ್ ದಾಟಿದವನು ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. ಇಷ್ಟೆಲ್ಲ ಶಾಲೆಗಳಿದ್ದವು, ಹಳ್ಳಿಯಿಂದ ಹುಡುಗರು ಬಂದರು. ಬಂದವರು ಎಲ್ಲಿ ಉಣ್ಣಬೇಕು?

ಹಳೆಯ ಉತ್ತರ ವಾರಾನ್ನ. ಸೋಮವಾರ ವಕೀಲರ ಮನೆ, ಮಂಗಳವಾರ ವೈದ್ಯರ ಮನೆ, ಬುಧವಾರ ದೂರದ ಸಂಬಂಧಿಕರ ಮನೆ, ಹೀಗೆ ವಾರಕ್ಕೆ ಏಳು ಮನೆ ಹಿಡಿಯುವುದು. ಆರೇ ಮನೆ ಸಿಕ್ಕವನಿಗೆ ಒಂದು ದಿನ ಏಕಾದಶಿ ತಾನಾಗಿಯೇ ಬರುತ್ತಿತ್ತು. ಮಧುಕರಿ ಎಂಬುದು ಇನ್ನೊಂದು ದಾರಿ: ಮನೆಮನೆಯ ಮುಂದೆ ನಿಂತು ಬೇಯಿಸಿದ ಅನ್ನವನ್ನು ಜೋಳಿಗೆಗೆ ಹಾಕಿಸಿಕೊಂಡು ಬರುವುದು. ಜಂಗಮ ವಟುಗಳಿಗೆ ಇಂಥದೇ ಕಂತಿಭಿಕ್ಷೆ. ಇದನ್ನು ಕೇಳಿ ಕಣ್ಣೊರೆಸಿಕೊಳ್ಳುವವರಿದ್ದಾರೆ, ‘ಆ ಕಾಲದ ಜನರ ಹೃದಯ ಎಷ್ಟು ದೊಡ್ಡದು’ ಎನ್ನುವವರಿದ್ದಾರೆ. ದೊಡ್ಡದೇ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ವಾರಾನ್ನ ಉಂಡವರ ಬಾಯಿಂದ ನಾನು ಕೇಳಿದ್ದು ಬೇರೆ. ನಮ್ಮ ಸಂಸ್ಕೃತದ ಗುರುಗಳು ಒಮ್ಮೆ ಪಾಠದ ನಡುವೆ ಹೇಳಿದ್ದರು: ಯಾವ ಮನೆಯಲ್ಲಿ ಎರಡನೆಯ ಸಲ ಸಾರು ಕೇಳಬಹುದು, ಯಾವ ಮನೆಯಲ್ಲಿ ಕೇಳಬಾರದು ಎಂಬ ವಿದ್ಯೆಯನ್ನು ತಾನು ಅಮರಕೋಶಕ್ಕಿಂತ ಮೊದಲು ಕಲಿತೆ ಎಂದು. ನಾವೆಲ್ಲ ನಕ್ಕೆವು. ಅವರು ನಗಲಿಲ್ಲ, ಮುಂದಿನ ಶ್ಲೋಕಕ್ಕೆ ಹೋದರು.

ಆ ಹಂಗನ್ನು ತಪ್ಪಿಸಿದ್ದು ಪ್ರಸಾದ ನಿಲಯಗಳು ಮತ್ತು ಬೋರ್ಡಿಂಗುಗಳು. 1883ರಲ್ಲಿ ಇದೇ ಊರಿನಲ್ಲಿ ಗಿಲಗಂಚಿ ಗುರುಸಿದ್ಧಪ್ಪ, ಅರಟಾಳ ರುದ್ರಗೌಡರಂಥವರು ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಕಟ್ಟಿದರು. ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಂಡಾಗ ಅವರ ಮೃತ್ಯುಪತ್ರ ಸಂಸ್ಥಾನದ ಆಸ್ತಿಯನ್ನು ಮಕ್ಕಳ ಓದಿಗೆ ಕೊಟ್ಟಿತ್ತು. ಕಳೆದ ಶತಮಾನದ ಮೊದಲ ಭಾಗದಲ್ಲಿ ಮುರುಘಾಮಠದ ಮೃತ್ಯುಂಜಯ ಅಪ್ಪಗಳು ಉಚಿತ ಪ್ರಸಾದ ನಿಲಯ ತೆರೆದರು. ಇದರ ಲೆಕ್ಕಾಚಾರ ಸರಳ: ರಾಶಿಯ ಹೊತ್ತಿಗೆ ಊರೂರಿನ ಕಣಗಳಿಂದ ಜೋಳ, ಗೋದಿ, ಕಡಲೆ ಮಠಕ್ಕೆ ಬರಬೇಕು, ಮಠದಿಂದ ಅದು ಹುಡುಗರ ತಟ್ಟೆಗೆ ಹೋಗಬೇಕು. ಜೋಳ ಕೊಟ್ಟ ರೈತನ ಮಗ ಅಲ್ಲಿ ಉಣ್ಣುತ್ತಿರಬಹುದು, ಉಣ್ಣದೆ ಇರಬಹುದು. ಯಾರ ಮನೆಯ ಅನ್ನ ಎಂದು ಗುರುತಿಲ್ಲದಿದ್ದಾಗ ಹುಡುಗ ತಲೆ ಎತ್ತಿ ಉಣ್ಣುತ್ತಾನೆ. ವಾರಾನ್ನಕ್ಕೂ ದಾಸೋಹಕ್ಕೂ ಇರುವ ವ್ಯತ್ಯಾಸವನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ.

ನಾನು ಶಾಲೆ ಸೇರಿದ್ದು 1968ರಲ್ಲಿ, ಎಂಟನೇ ಇಯತ್ತೆಗೆ. ನಮ್ಮೂರು ನರೇಗಲ್ಲಿನ ಹತ್ತಿರದ ಒಂದು ಹಳ್ಳಿ. ಮೊದಲ ಎರಡು ವರ್ಷ ನಾನು ಬುತ್ತಿಯ ಹುಡುಗ. ಮಾಳಮಡ್ಡಿಯಲ್ಲಿ ಒಂದು ಬಾಡಿಗೆ ಕೋಣೆ, ಐದು ಜನ, ಒಂದು ಸೀಮೆಎಣ್ಣೆ ಸ್ಟೋವ್, ಅದೂ ಅನ್ನಕ್ಕೆ ಮಾತ್ರ. ರೊಟ್ಟಿ ಊರಿನಿಂದ ಬರಬೇಕು.

ಹೇಗೆ ಬರುತ್ತಿತ್ತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಇದು ಯಾವ ಹಲಗೆಯ ಮೇಲೂ ಬರೆದಿಲ್ಲ. ನಮ್ಮೂರಿಗೆ ರಾತ್ರಿ ಬಂದು ಮಲಗುವ ವಸ್ತಿ ಬಸ್ಸು ನಸುಕಿನಲ್ಲಿ ಹೊರಡುತ್ತಿತ್ತು. ವಾರಕ್ಕೆ ಎರಡು ದಿನ, ಸೋಮವಾರ ಮತ್ತು ಗುರುವಾರ, ಅವ್ವ ಮೂರು ಗಂಟೆಗೇ ಎದ್ದು ಒಲೆಯ ಮುಂದೆ ಕೂರುತ್ತಿದ್ದಳು. ರೊಟ್ಟಿಯನ್ನು ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಒಲೆಯ ಬಾಯಿಗೆ ಒರಗಿಸಿಟ್ಟು ಗಟ್ಟಿ ಮಾಡಿದರೆ ಖಡಕ್ ರೊಟ್ಟಿ. ವಾರ ಕಳೆದರೂ ಕೆಡುವುದಿಲ್ಲ. ಮೂವತ್ತು ರೊಟ್ಟಿಯ ಒಂದು ಅಟ್ಟಿ, ಅದರ ಮೇಲೆ ಒಂದು ಪೊಟ್ಟಣ ಶೇಂಗಾ ಹಿಂಡಿ, ಒಂದು ಪೊಟ್ಟಣ ಅಗಸಿ ಹಿಂಡಿ, ಶ್ರಾವಣದಲ್ಲಾದರೆ ನಾಲ್ಕು ಉಂಡಿ. ಇದೆಲ್ಲವನ್ನೂ ಅಪ್ಪನ ಹಳೆಯ ಧೋತರದ ತುಂಡಿನಲ್ಲಿ ಇಟ್ಟು ಎದುರುಬದುರು ತುದಿ ಸೇರಿಸಿ ಎರಡು ಗಂಟು. ಕಂಡಕ್ಟರಿಗೆ ಬೇರೆಯದೇ ಒಂದು ಸಣ್ಣ ಗಂಟು ಇರುತ್ತಿತ್ತು. ಅದು ಲಂಚವಲ್ಲ, ಹಸಿದವನ ಕೈಯಲ್ಲಿ ಬುತ್ತಿ ಕಳಿಸಬಾರದು ಎಂಬುದು ಅವ್ವನ ಲೆಕ್ಕ.

ಗದಗಿನಲ್ಲಿ ಗಂಟು ಬಸ್ಸು ಬದಲಿಸಬೇಕಿತ್ತು. ಆ ಕೆಲಸವನ್ನು ನಿಲ್ದಾಣದ ಹಮಾಲರೊಬ್ಬರು ಮಾಡುತ್ತಿದ್ದರು, ಅವರ ಮುಖವನ್ನು ನಾನು ಒಂದೇ ಸಲ ನೋಡಿದ್ದು. ಅಣ್ಣಿಗೇರಿ ದಾಟಿ, ಹುಬ್ಬಳ್ಳಿ ದಾಟಿ, ಚಾಲಕನ ಪಕ್ಕದ ಬಾನೆಟ್ಟಿನ ಮೇಲೆ ಕುಳಿತು ಬಂದ ಬುತ್ತಿ ಧಾರವಾಡದಲ್ಲಿ ಇಳಿಯುವಾಗ ಬೆಚ್ಚಗೇ ಇರುತ್ತಿತ್ತು. ಮೇಲಿನ ಎರಡು ರೊಟ್ಟಿಗೆ ಡೀಸೆಲ್ ವಾಸನೆ. ಅವನ್ನು ಯಾರಾದರೂ ತಿನ್ನಲೇಬೇಕಲ್ಲ, ಅದಕ್ಕೆ ಪಾಳಿ ಹಚ್ಚಿದ್ದೆವು.

ಬುತ್ತಿ ಬರುವ ದಿನ ಕೊನೆಯ ಗಂಟೆ ಬಾರಿಸುವುದನ್ನೇ ಕಾಯುತ್ತಿದ್ದೆವು. ಗಂಟೆ ಎಂದರೆ ಬೇವಿನ ಮರಕ್ಕೆ ತೂಗಿಬಿಟ್ಟ ರೈಲು ಪಟ್ಟಿಯ ತುಂಡು, ಇನ್ನೂ ಇದೆ, ಬರುವಾಗ ನೋಡಿದೆ. ಮರ ಇಲ್ಲ, ಅದಕ್ಕೊಂದು ಕಬ್ಬಿಣದ ಕಂಬ ಮಾಡಿದ್ದಾರೆ. ಪಟ್ಟಿಯ ಸದ್ದು ಅಡಗುವ ಮೊದಲೇ ಇಪ್ಪತ್ತು ಮೂವತ್ತು ಹುಡುಗರು ಬಸ್ ನಿಲ್ದಾಣದ ಕಡೆಗೆ ಓಟ. ಅಲ್ಲಿ ಗಂಟುಗಳು ರಾಶಿ ಬಿದ್ದಿರುತ್ತಿದ್ದವು, ಎಲ್ಲವೂ ಮಾಸಿದ ಬಿಳಿ ಬಟ್ಟೆಯವು. ಚೀಟಿ ಬರೆದು ಸಿಕ್ಕಿಸಿದರೆ ಗಾಳಿಗೆ ಹಾರಿಹೋಗುತ್ತಿತ್ತು, ಇಲ್ಲವೇ ಎಣ್ಣೆ ಕುಡಿದು ಅಕ್ಷರ ಅಳಿಸುತ್ತಿತ್ತು. ನಮ್ಮ ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ, ಕಸೂತಿ ಬರುತ್ತಿತ್ತು. ಬಟ್ಟೆಯ ಒಂದು ಮೂಲೆಯಲ್ಲಿ ಕೆಂಪು ದಾರದಿಂದ ಒಂದು ಬೆರಳಿನಷ್ಟು ಎತ್ತರದ ಗೋಪುರ ಹಾಕಿದಳು. ಕಸೂತಿಯಲ್ಲಿ ಎಳೆ ಎಣಿಸಿ ಹೊಲಿಯುತ್ತಾರೆ, ಗಂಟು ಹಾಕುವುದಿಲ್ಲ, ಹಿಂದುಮುಂದು ಒಂದೇ ತೆರನಾಗಿ ಕಾಣುತ್ತದೆ. ಹೀಗಾಗಿ ಗಂಟು ಹೇಗೆ ಬಿದ್ದಿದ್ದರೂ ನನಗೆ ನನ್ನದು ತಿಳಿಯುತ್ತಿತ್ತು. ನೋಡನೋಡುತ್ತ ಉಳಿದವರ ಮನೆಗಳೂ ಇದನ್ನೇ ಹಿಡಿದವು. ಒಬ್ಬನಿಗೆ ತೇರು, ಒಬ್ಬನಿಗೆ ತುಳಸಿಕಟ್ಟೆ, ಒಬ್ಬನಿಗೆ ಆನೆ. ಶಾಲೆಯಲ್ಲಿ ಅವೇ ನಮ್ಮ ಹೆಸರುಗಳಾದವು. ಇವತ್ತೂ ಇಲ್ಲಿ ಒಬ್ಬರು ನನ್ನನ್ನು ‘ಏನಪ್ಪಾ ಗೋಪುರ’ ಎಂದು ಮಾತನಾಡಿಸಿದರು. ಆನೆ ಎನಿಸಿಕೊಂಡವನು ಕಡ್ಡಿಯಂತೆ ಇದ್ದ. ಈಗ ಹೆಸರಿಗೆ ತಕ್ಕಂತೆ ಆಗಿದ್ದಾನೆ, ಎರಡನೆಯ ಸಾಲಿನಲ್ಲಿ ಕುಳಿತು ನಗುತ್ತಿದ್ದಾನೆ.

ಮಳೆಗಾಲದಲ್ಲಿ ಬೆಣ್ಣೆಹಳ್ಳ ಬಂದರೆ ಬುತ್ತಿ ಇಲ್ಲ. ಹೆಸರು ಬೆಣ್ಣೆ, ಬಂದರೆ ರಸ್ತೆಯನ್ನೇ ನುಂಗುವ ಹಳ್ಳ. ಒಂದು ಸಲ ಹೀಗೆ ನಾಲ್ಕು ದಿನ ಬಸ್ಸು ಬರಲಿಲ್ಲ. ಗದಗಿನ ಕಡೆಯ ನಮ್ಮ ಮೂವರದು ಖಾಲಿ, ಕಲಘಟಗಿಯ ಕಡೆಯ ಇಬ್ಬರದು ಇತ್ತು. ಆ ಇಬ್ಬರು ತಮ್ಮ ರೊಟ್ಟಿಗಳನ್ನು ಎಣಿಸಿ ಐದು ಪಾಲು ಮಾಡಿದರು. ಎಣಿಸಿದ್ದು ಜಿಪುಣತನದಿಂದಲ್ಲ, ನಾಲ್ಕು ದಿನ ಸಾಗಬೇಕು ಎಂದು. ಐದನೆಯ ದಿನ ನಮ್ಮ ಗಂಟುಗಳು ಬಂದವು, ತೆರೆದರೆ ಎಲ್ಲಕ್ಕೂ ಬೂಷ್ಟು. ಬಸ್ಸಿನೊಳಗೆ ಮಳೆ ನೀರು ಇಳಿದಿತ್ತು. ಆನೆ ಬೂಷ್ಟನ್ನು ಒರೆಸಿ ಒಲೆಯ ಮೇಲೆ ಕಾಸಿ ಒಂದನ್ನು ತಿಂದೇ ಬಿಟ್ಟ. ಅವನಿಗೆ ಏನೂ ಆಗಲಿಲ್ಲ. ನನಗೆ ಮಾತ್ರ ಅವ್ವ ಮೂರು ಗಂಟೆಗೆ ಎದ್ದದ್ದು ನೆನಪಾಗಿ ಆ ರೊಟ್ಟಿಗಳನ್ನು ದನಕ್ಕೆ ಹಾಕಲೂ ಮನಸ್ಸಾಗಲಿಲ್ಲ.

ಹತ್ತನೆಯ ಇಯತ್ತೆಗೆ ನನಗೆ ಒಂದು ಮಠದ ಪ್ರಸಾದ ನಿಲಯದಲ್ಲಿ ಜಾಗ ಸಿಕ್ಕಿತು. ಅಲ್ಲಿಯ ಶಿಸ್ತು ಬೇರೆ. ಕತ್ತಲಿರುವಾಗಲೇ ತಣ್ಣೀರಿನ ಸ್ನಾನ, ಪೂಜೆ, ಓದು. ಊಟಕ್ಕೆ ಎರಡು ಉದ್ದ ಸಾಲು. ಬಡಿಸುವುದು ಮುಗಿಯುವವರೆಗೆ ಯಾರೂ ತಟ್ಟೆಗೆ ಕೈ ಹಾಕುವಂತಿಲ್ಲ, ವಚನ ಹೇಳಿದ ಮೇಲೆಯೇ ತುತ್ತು. ತಟ್ಟೆಯಲ್ಲಿ ಅಗುಳು ಬಿಡುವಂತಿಲ್ಲ. ಉಂಡ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನು ಕುಡಿಯಬೇಕು. ಮೊದಲ ವಾರ ನನಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಪಕ್ಕದಲ್ಲಿ ಕುಳಿತ ಹಿರಿಯ ಹುಡುಗ ಮೆಲ್ಲಗೆ ಹೇಳಿದ: ‘ತಮ್ಮಾ, ಕಣ್ಣು ಮುಚ್ಚಿಕೊಂಡು ಮಜ್ಜಿಗೆ ಎಂದು ಕುಡಿ.’ ಹಾಗೆಯೇ ಕಲಿತೆ. ಇವತ್ತು ಮದುವೆ ಮನೆಗಳಲ್ಲಿ ಅರ್ಧ ತಿಂದು ಎಸೆದ ತಟ್ಟೆಗಳ ರಾಶಿ ಕಂಡಾಗ ನನಗೆ ಸಿಟ್ಟು ಬರುತ್ತದೆ, ನನ್ನ ಮಕ್ಕಳು ಅದನ್ನು ಅಪ್ಪನ ಹಟ ಎನ್ನುತ್ತಾರೆ. ಅಡುಗೆ ಮಾಡುತ್ತಿದ್ದ ಅಜ್ಜ ಒಬ್ಬರು ಇದ್ದರು. ಯಾರ ಹತ್ತಿರವೂ ಹೆಚ್ಚು ಮಾತನಾಡುತ್ತಿರಲಿಲ್ಲ, ಯಾರು ಎಷ್ಟು ಉಣ್ಣುತ್ತಾರೆ ಎಂಬುದು ಮಾತ್ರ ಅವರಿಗೆ ಬಾಯಿಪಾಠ. ಒಂದು ರೊಟ್ಟಿ ಕಡಿಮೆ ತಿಂದರೆ ಸಾಕು, ರಾತ್ರಿ ಬಂದು ಹಣೆ ಮುಟ್ಟಿ ನೋಡುತ್ತಿದ್ದರು.

ಇಲ್ಲಿಯವರೆಗೆ ಹೇಳಿದ್ದು ಕೇಳಲು ಹಿತವಾಗಿದೆ. ಮುಂದಿನದು ಅಷ್ಟು ಹಿತವಾಗಿಲ್ಲ.

ಈ ಊರಿನ ಅಡುಗೆಮನೆಗಳು ಹುಡುಗರನ್ನು ಉಳಿಸಿದವು ಎಂದೆ. ಯಾವ ಅಡುಗೆಮನೆ ಯಾರನ್ನು ಉಳಿಸಿತು ಎಂದೂ ಕೇಳಬೇಕು. ವಾರಾನ್ನಕ್ಕೆ ಜಾತಿಯ ಬಾಗಿಲು ಇತ್ತು. ಬಹಳಷ್ಟು ಬೋರ್ಡಿಂಗುಗಳಿಗೂ ಇತ್ತು. ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತವರು ಊಟದ ಹೊತ್ತಿಗೆ ನಾಲ್ಕು ದಿಕ್ಕಿಗೆ ಹೋಗುತ್ತಿದ್ದೆವು, ಅದರಲ್ಲಿ ವಿಶೇಷವೇನೂ ಇದೆ ಎಂದು ನಮಗೆ ಅನ್ನಿಸುತ್ತಲೂ ಇರಲಿಲ್ಲ.

ಡಾ. ಅಂಬೇಡ್ಕರರು ದಲಿತ ವಿದ್ಯಾರ್ಥಿಗಳಿಗಾಗಿ ಮುಂಬಯಿ ಪ್ರಾಂತದಲ್ಲಿ ತೆರೆಸಿದ ಮೊದಮೊದಲ ವಸತಿ ನಿಲಯಗಳಲ್ಲಿ ಒಂದು ಧಾರವಾಡದಲ್ಲಿತ್ತು, 1929ರ ಸುಮಾರಿಗೆ. ಅದನ್ನು ನೋಡಿಕೊಳ್ಳುತ್ತಿದ್ದವರು ಅವರ ಒಡನಾಡಿ ಬಳವಂತರಾವ್ ವರಾಳೆ. ಅಂಬೇಡ್ಕರರ ಪತ್ನಿ ರಮಾಬಾಯಿಯವರು ಕೆಲವು ದಿನ ಇಲ್ಲಿ ಬಂದು ವರಾಳೆಯವರ ಮನೆಯಲ್ಲಿ ಉಳಿದಿದ್ದರು. ಆಗಿನ ಒಂದು ಸಂಗತಿಯನ್ನು ಧಾರವಾಡದಲ್ಲಿ ಇಂದಿಗೂ ಹೇಳುತ್ತಾರೆ. ದಿನವೂ ಅಂಗಳದಲ್ಲಿ ಗದ್ದಲ ಹಾಕುವ ಹುಡುಗರ ಸದ್ದು ಎರಡು ದಿನ ಕೇಳಲಿಲ್ಲವಂತೆ. ವಿಚಾರಿಸಿದರೆ ಸರಕಾರದ ಅನುದಾನ ಬಂದಿಲ್ಲ, ಕಾಳುಕಡಿ ತೀರಿದೆ, ಹುಡುಗರು ಉಪವಾಸವಿದ್ದಾರೆ. ರಮಾಬಾಯಿಯವರು ತಮ್ಮ ಬಂಗಾರದ ಬಳೆಗಳನ್ನು ತಂದುಕೊಟ್ಟು ಇವನ್ನು ಒತ್ತೆ ಇಟ್ಟು ಮಕ್ಕಳಿಗೆ ಅಡುಗೆ ಮಾಡಿಸಿ ಎಂದರಂತೆ. 1935ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ನಾನು ಈ ಊರಿನಲ್ಲಿ ನಾಲ್ಕು ವರ್ಷ ಓದಿ, ಮೂವತ್ತು ವರ್ಷ ಮಾಸ್ತರಿಕೆ ಮಾಡಿ, ಈ ಸಂಗತಿಯನ್ನು ಮೊದಲ ಸಲ ಕೇಳಿದ್ದು ನಿವೃತ್ತನಾಗುವ ಹೊತ್ತಿಗೆ. ನಮ್ಮ ಪಾಠದಲ್ಲಿ ಅದು ಇರಲಿಲ್ಲ, ನಮ್ಮ ಸಭೆಗಳಲ್ಲಿಯೂ ಇರಲಿಲ್ಲ.

ನನ್ನ ಇಯತ್ತೆಯಲ್ಲಿ ಒಬ್ಬ ಗೆಳೆಯನಿದ್ದ. ಬೀಜಗಣಿತದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ನನಗೆ ಲೆಕ್ಕ ಹೇಳಿಕೊಟ್ಟು ಪಾಸು ಮಾಡಿಸಿದವನೇ ಅವನು. ಸರಕಾರಿ ವಸತಿ ನಿಲಯದಿಂದ ನಡೆದು ಬರುತ್ತಿದ್ದ. ಮಧ್ಯಾಹ್ನ ನಾವು ಐವರು ಜಗುಲಿಯ ಮೇಲೆ ಬುತ್ತಿ ಬಿಚ್ಚಿದಾಗ ಅವನು ಮಲ್ಲಕಂಬದ ಹತ್ತಿರ ಹೋಗಿ ಕೂರುತ್ತಿದ್ದ. ಕರೆದರೆ ‘ಹಸಿವಿಲ್ಲ’ ಎನ್ನುತ್ತಿದ್ದ. ಹದಿಮೂರು ವರ್ಷದ ಹುಡುಗನಿಗೆ ಮಧ್ಯಾಹ್ನ ಒಂದೂವರೆಗೆ ಹಸಿವಿಲ್ಲ ಎಂಬುದನ್ನು ನಾವು ಎರಡು ವರ್ಷ ನಂಬಿದೆವು. ನಂಬಿದೆವು ಎನ್ನುವುದು ಸುಳ್ಳು. ನಂಬುವುದು ನಮಗೆ ಅನುಕೂಲವಾಗಿತ್ತು.

ಒಂದು ವರ್ಷ ಗ್ಯಾದರಿಂಗಿಗೆ ಶಾಲೆಯಲ್ಲಿಯೇ ಊಟ ಇಟ್ಟರು. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಎಣಗಾಯಿ. ಉದ್ದಕ್ಕೆ ಎಲೆ ಹಾಕಿದ್ದರು. ಊಟದ ಉಸ್ತುವಾರಿ ವಹಿಸಿದ್ದ ಶಿಕ್ಷಕರೊಬ್ಬರು ಬಾಗಿಲಲ್ಲಿ ನಿಂತು ಕೆಲವು ಹುಡುಗರನ್ನು ಮಾತ್ರ ‘ನಿಮ್ಮ ಸಾಲು ಆ ಕಡೆ’ ಎಂದು ಹಿಂದಿನ ಜಗುಲಿಯ ಕಡೆಗೆ ಕಳಿಸುತ್ತಿದ್ದರು. ಬೈಯಲಿಲ್ಲ, ದನಿ ಏರಿಸಲಿಲ್ಲ, ಬಹಳ ಮೆತ್ತಗೆ ಹೇಳಿದರು. ಗೆಳೆಯ ಒಂದು ಗಳಿಗೆ ನಿಂತ. ಹೆಗಲ ಮೇಲಿದ್ದ ಬಹುಮಾನದ ಪುಸ್ತಕಗಳ ಚೀಲವನ್ನು ಸರಿಮಾಡಿಕೊಂಡ. ಗಣಿತಕ್ಕೆ ಮೊದಲ ಬಹುಮಾನ ಅವನಿಗೇ ಬಂದಿತ್ತು. ಆ ಕಡೆಯ ಸಾಲಿಗೂ ಹೋಗದೆ ದೊಡ್ಡ ಗೇಟಿನಿಂದ ಹೊರಗೆ ನಡೆದುಬಿಟ್ಟ. ನಾನು ಅವನ ಹಿಂದೆಯೇ ಇದ್ದೆ. ನಾನು ಅವನ ಜೊತೆ ಹೋಗಲಿಲ್ಲ. ಹೋಳಿಗೆ ಇತ್ತು.

ಆಮೇಲೆಯೂ ಅವನು ನನಗೆ ಲೆಕ್ಕ ಹೇಳಿಕೊಟ್ಟ. ಅದರ ಬಗ್ಗೆ ನಾವು ಒಂದು ಮಾತೂ ಆಡಲಿಲ್ಲ, ಅವನೂ ಇಲ್ಲ, ನಾನೂ ಇಲ್ಲ. ಹಲಗೆಯ ಮೇಲೆ ಆ ವರ್ಷದ ಮುಂದೆ ಇರುವ ಹೆಸರು ಅವನದೇ. ಇಂಥ ಕೂಟಗಳಿಗೆ ಅವನನ್ನು ಪ್ರತಿ ಸಲ ಕರೆಯುತ್ತಾರೆ. ಬಂದಿದ್ದನ್ನು ನಾನು ನೋಡಿಲ್ಲ. ಶಾಲೆಯ ಹೆಸರನ್ನು ಬರಹದಲ್ಲಿ ಬಿಡುತ್ತೇನೆ ಎಂದದ್ದು ಇದಕ್ಕೇ. ಬೇರೆ ಶಾಲೆಯ ಹಳೆಯ ವಿದ್ಯಾರ್ಥಿ ಇದನ್ನು ಓದಿ ‘ಇದು ಅವರ ಶಾಲೆಯ ಮಾತು, ನಮ್ಮದಲ್ಲ’ ಎಂದು ನೆಮ್ಮದಿಯಿಂದ ಪುಟ ತಿರುಗಿಸಬಾರದು.

ಒಂದೇ ಸೀಮೆಯಲ್ಲಿ ಇದಕ್ಕೆ ಎದುರಾದದ್ದೂ ಇತ್ತು, ಅದನ್ನೂ ಹೇಳಬೇಕು. ಮುಂಡರಗಿ ತಾಲ್ಲೂಕಿನ ಡಂಬಳದಲ್ಲಿ ತೋಂಟದಾರ್ಯ ಮಠದ ಜಾತ್ರೆಯಲ್ಲಿ ರೊಟ್ಟಿ ಜಾತ್ರೆ ನಡೆಯುತ್ತದೆ. ಮನೆಮನೆಯಿಂದ ರೊಟ್ಟಿ ಬಂದು ಒಂದೇ ಕಡೆ ಸೇರುತ್ತದೆ, ಕರಿಂಡಿಯ ಜೊತೆಗೆ ಎಲ್ಲರೂ ಒಟ್ಟಿಗೆ ಉಣ್ಣುತ್ತಾರೆ. ಯಾರ ಮನೆಯ ರೊಟ್ಟಿ ಯಾರ ತಟ್ಟೆಗೆ ಬಂತೆಂದು ಹೇಳುವುದು ಸಾಧ್ಯವೇ ಇಲ್ಲ. ನಮ್ಮ ಶಾಲೆಯ ಗ್ಯಾದರಿಂಗಿನ ಊಟವನ್ನು ಡಂಬಳದ ಅಡುಗೆಯವರಿಗೆ ಒಪ್ಪಿಸಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಗದಗಿನ ಮಾತು ಬಂದಾಗ ವೀರೇಶ್ವರ ಪುಣ್ಯಾಶ್ರಮವನ್ನು ಬಿಟ್ಟು ಹೋಗಲು ಆಗುವುದಿಲ್ಲ. ಹುಡುಗರ ಶಾಲೆ ಎಂದಾಗ ನಾವು ಹೈಸ್ಕೂಲನ್ನೇ ನೆನೆಯುತ್ತೇವೆ, ಆದರೆ ಅದಕ್ಕಿಂತ ಕಷ್ಟದ ಶಾಲೆ ಅದು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳಿಗೆ ಕಣ್ಣು ಇರಲಿಲ್ಲ. ಹಾನಗಲ್ಲ ಕುಮಾರ ಸ್ವಾಮಿಗಳು ಅವರ ಕಂಠವನ್ನು ಗುರುತಿಸಿ ಸಂಗೀತ ಕಲಿಸುವ ವ್ಯವಸ್ಥೆ ಮಾಡಿದರು. ಕಲಿತ ಗವಾಯಿಗಳು ಕಚೇರಿ ಮಾಡಿ ಹೆಸರು ಗಳಿಸಿ ಸುಮ್ಮನಿರಬಹುದಿತ್ತು. ಅವರು ಕುರುಡ ಮಕ್ಕಳನ್ನು, ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗಿದರು. ತಿರುಗುವ ಶಾಲೆಗೆ ಗದಗಿನಲ್ಲಿ ನೆಲೆ ಸಿಕ್ಕಿತು. ಬಸರಿಗಿಡದ ವೀರಪ್ಪನವರಂಥ ವರ್ತಕರು ಜೊತೆಗೆ ನಿಂತರು. ಅಲ್ಲಿ ಬೆಳಗಿನ ಜಾವ ಗಂಟೆಯ ಬದಲು ತಂಬೂರಿ.

ಅಷ್ಟು ಮಕ್ಕಳಿಗೆ ಅನ್ನ ಎಲ್ಲಿಂದ? ಭಿಕ್ಷೆಯಿಂದ, ಮತ್ತು ನಾಟಕದಿಂದ. ಆಶ್ರಮವನ್ನು ಸಾಕಲು ನಾಟಕ ಕಂಪನಿಯನ್ನೇ ಕಟ್ಟಿದರು. ರಾತ್ರಿಯ ಆಟದ ಗಲ್ಲೆಯ ಹಣ ಬೆಳಗ್ಗೆ ಜೋಳವಾಗುತ್ತಿತ್ತು. 1944ರಲ್ಲಿ ಪಂಚಾಕ್ಷರ ಗವಾಯಿಗಳು ತೀರಿಕೊಂಡ ಮೇಲೆ ಆ ಭಾರ ಹೊತ್ತವರು ಪುಟ್ಟರಾಜ ಗವಾಯಿಗಳು, ಅವರಿಗೂ ಕಣ್ಣು ಇರಲಿಲ್ಲ. 2010ರಲ್ಲಿ ಲಿಂಗೈಕ್ಯರಾಗುವವರೆಗೆ ಅವರನ್ನು ಊರೂರಿನ ಜನ ತಕ್ಕಡಿಯಲ್ಲಿ ಕೂರಿಸಿ ತುಲಾಭಾರ ಮಾಡಿದರು. ಎದುರು ತಟ್ಟೆಯಲ್ಲಿ ಬಿದ್ದದ್ದು ಆಶ್ರಮದ ಒಲೆಗೆ ಹೋಯಿತು. ಸಣ್ಣವನಿದ್ದಾಗ ನಾನೂ ಒಂದು ತುಲಾಭಾರ ನೋಡಿದ್ದೇನೆ. ತಕ್ಕಡಿ ಸಮ ಬಂದ ಮೇಲೂ ನಮ್ಮೂರಿನ ಒಬ್ಬ ಮುದುಕಿ ಸೆರಗಿನಿಂದ ಎರಡು ಹಿಡಿ ಕಾಳು ಬಿಚ್ಚಿ ಹಾಕಿದಳು, ‘ಅಜ್ಜಾರ ತೂಕಕ್ಕಲ್ಲ, ಮಕ್ಕಳ ತೂಕಕ್ಕೆ’ ಎಂದಳು. ಬಸವರಾಜ ರಾಜಗುರು ಅಂಥವರು ಪಂಚಾಕ್ಷರ ಗವಾಯಿಗಳ ಹತ್ತಿರ ಕಲಿತರು. ವೆಂಕಟೇಶಕುಮಾರರು ಪುಟ್ಟರಾಜರ ಹತ್ತಿರ ಹನ್ನೆರಡು ವರ್ಷ ಆಶ್ರಮದಲ್ಲಿದ್ದು ಕಲಿತರು. ಅವರ ರಾಗವನ್ನು ಕೇಳುವಾಗ ಅದರೊಳಗೆ ಆ ಮುದುಕಿಯ ಎರಡು ಹಿಡಿ ಕಾಳೂ ಇದೆ ಎಂದು ನನಗೆ ಅನ್ನಿಸುವುದುಂಟು. ಉತ್ಪ್ರೇಕ್ಷೆ ಎನ್ನಿಸಿದರೆ ಬಿಟ್ಟುಬಿಡಿ.

ಉಳಿದ ಸಂಪ್ರದಾಯಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ವ್ಯವಸ್ಥಾಪಕರು ಆಗಲೇ ಎರಡು ಸಲ ಗಡಿಯಾರ ನೋಡಿದರು. ದಸರೆಯ ರಜೆ ಮುಗಿಸಿ ಬಂದವರು ಗುರುಗಳ ಕೈಗೆ ಬನ್ನಿ ಕೊಟ್ಟು ‘ಬಂಗಾರದಂತೆ ಇರೋಣ’ ಎನ್ನುವುದಿತ್ತು. ರಜೆಗೆ ಮೊದಲು ಛಡಿ ಏಟು ತಿಂದವನೂ ಕೊಡಬೇಕು, ಹೊಡೆದವರೂ ತೆಗೆದುಕೊಳ್ಳಬೇಕು. ಸಂಕ್ರಾಂತಿಗೆ ಕುಸುರೆಳ್ಳು. ಎಳ್ಳಮಾವಾಸ್ಯೆ ಮುಗಿದ ಮಾರನೆಯ ದಿನ ತರಗತಿಯೆಲ್ಲ ಸಜ್ಜೆರೊಟ್ಟಿಯ ಎಳ್ಳಿನ ವಾಸನೆ, ಚರಗ ಚೆಲ್ಲಿ ಬಂದ ಹುಡುಗರು ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದರು. ಗಣಪತಿಯನ್ನು ತರುವ ಮೆರವಣಿಗೆಯಲ್ಲಿ ಲೇಜಿಮು ಆಡುವ ಹಕ್ಕು ಹತ್ತನೆಯವರಿಗೆ ಮಾತ್ರ, ಅದಕ್ಕಾಗಿ ಒಂಬತ್ತನೆಯವರು ವರ್ಷವಿಡೀ ಕೈ ಹಿಸುಕಿಕೊಳ್ಳುತ್ತಿದ್ದರು. ಇವು ಎಲ್ಲ ಶಾಲೆಗಳಲ್ಲಿಯೂ ಇದ್ದವು. ನಮ್ಮದೇ ಎಂದು ಹೆಮ್ಮೆ ಪಡಲು ಏನೂ ಇಲ್ಲ, ನೆನೆಸಿಕೊಳ್ಳಲು ಇದೆ.

ಇವತ್ತು ಶಾಲೆಗಳಲ್ಲಿ ಸರಕಾರದ ಬಿಸಿಯೂಟ ಇದೆ. ಅದಕ್ಕೆ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟವರು ಯಾರೋ, ಅವರಿಗೆ ಈ ಸೀಮೆಯ ಚರಿತ್ರೆ ಗೊತ್ತಿತ್ತು. ನಾನು ಮಾಸ್ತರಿಕೆಯ ಕೊನೆಯ ವರ್ಷಗಳಲ್ಲಿ ಮಧ್ಯಾಹ್ನದ ಸಾಲನ್ನು ನೋಡಿಕೊಳ್ಳುವ ಕೆಲಸವನ್ನು ಕೇಳಿ ಪಡೆದೆ. ಸಹೋದ್ಯೋಗಿಗಳಿಗೆ ಅದು ತಲೆನೋವಿನ ಕೆಲಸ, ಅವರು ಖುಷಿಯಿಂದ ಬಿಟ್ಟುಕೊಟ್ಟರು. ಬಾಗಿಲಲ್ಲಿ ನಿಲ್ಲುವುದು ನನ್ನ ಪಾಳಿ. ಯಾರಿಗೂ ಯಾವ ಕಡೆಗೂ ಹೋಗು ಎಂದು ಹೇಳದಿರುವುದೇ ಆ ಕೆಲಸ. ಆದರೂ ಮೊದಲ ವಾರ ಹುಡುಗರು ತಾವೇ ಓಣಿವಾರು ಗುಂಪಾಗಿ ಕುಳಿತದ್ದನ್ನು ಕಂಡೆ. ಹಾಜರಿ ಸಂಖ್ಯೆಯ ಪ್ರಕಾರ ಕೂರಿಸಲು ಶುರು ಮಾಡಿದೆ. ಒಬ್ಬ ತಂದೆ ಬಂದು ಜಗಳ ತೆಗೆದರು. ‘ಹಾಜರಿ ಪುಸ್ತಕ ಬರೆದದ್ದು ನಾನಲ್ಲ, ವರ್ಣಮಾಲೆ’ ಎಂದೆ. ಹೋದರು, ಮರುದಿನ ಮಗನ ಕೈಯಲ್ಲಿ ಡಬ್ಬಿ ಕೊಟ್ಟು ಕಳಿಸಿದರು. ಮೂರನೆಯ ದಿನ ಆ ಹುಡುಗನೇ ಡಬ್ಬಿಯನ್ನು ಪಕ್ಕದವನಿಗೆ ಕೊಟ್ಟು ಬಿಸಿಯೂಟದ ಸಾಲಿನಲ್ಲಿ ಕುಳಿತ. ಆ ದಿನ ಪಲಾವ್ ಇತ್ತು.

ಪ್ರದರ್ಶನಕ್ಕೆ ಹಳೆಯ ವಸ್ತುಗಳಿದ್ದರೆ ತನ್ನಿ ಎಂದು ಪತ್ರದಲ್ಲಿ ಬರೆದಿದ್ದರು. ಪದಕ, ಪ್ರಮಾಣಪತ್ರ, ಗುಂಪಿನ ಫೋಟೋಗಳ ನಡುವೆ, ಎಡಗಡೆಯ ಮೇಜಿನ ಮೂಲೆಯಲ್ಲಿ ನಾನು ಒಂದು ಧೋತರದ ತುಂಡು ಇಟ್ಟಿದ್ದೇನೆ. ಮೂಲೆಯ ಗೋಪುರದ ಕೆಂಪು ದಾರ ಈಗ ಗುಲಾಬಿಯಾಗಿದೆ. ನೋಡುವವರು ಇದನ್ನು ತೊಳೆಯದೆ ತಂದಿದ್ದಾನೆ ಎಂದುಕೊಳ್ಳಬೇಡಿ. ಎಷ್ಟೋ ಸಲ ತೊಳೆದಿದ್ದೇನೆ, ಅಗಸಿ ಎಣ್ಣೆಯ ಕಲೆ ಹೋಗಿಲ್ಲ.